ಕಡಿಮೆ ಬಿಟ್ ದರದಲ್ಲಿ ಉತ್ತಮ ಚಿತ್ರ: ಹಳೆಯ ಕ್ಯಾಸೆಟ್‌ಗಳನ್ನು ಮನೆಯ ಟಿ.ವಿ.ಗೆ ಸಿದ್ಧಪಡಿಸುವ ಕ್ರಮ

ವಿವಾಹ, ಉಪನಯನ, ಗೃಹಪ್ರವೇಶ ಮೊದಲಾದ ಸಮಾರಂಭಗಳ ಚಿತ್ರೀಕರಣವು 1990ರ ಹಾಗೂ 2000ರ ದಶಕಗಳಲ್ಲಿ ಅನೇಕ ಸ್ಟುಡಿಯೊಗಳ ಮುಖ್ಯ ಆದಾಯಮೂಲವಾಗಿತ್ತು. ಆ ಕಾಲದ ವಿ.ಎಚ್.ಎಸ್. ಮತ್ತು ಮಿನಿ ಡಿ.ವಿ. ಕ್ಯಾಸೆಟ್‌ಗಳು ಇಂದಿಗೂ ಮನೆಗಳ ಬೀರುಗಳಲ್ಲಿವೆ. ಅವುಗಳನ್ನು ನೋಡುವ ಯಂತ್ರಗಳು ಮಾತ್ರ ವಿರಳವಾಗಿವೆ. ಜಪಾನಿನ ಫುನಾಯ್ ಸಂಸ್ಥೆಯು 2016ರಲ್ಲಿ ವಿ.ಸಿ.ಆರ್. ತಯಾರಿಕೆಯನ್ನು ನಿಲ್ಲಿಸಿತು. ಆದುದರಿಂದ ಈ ಕ್ಯಾಸೆಟ್‌ಗಳನ್ನು ಡಿಜಿಟಲ್ ಕಡತಗಳಾಗಿ ಪರಿವರ್ತಿಸಿ ಪೆನ್‌ಡ್ರೈವ್‌ನಲ್ಲಿ ನೀಡುವ ಕೆಲಸವು ಸಣ್ಣ ಸ್ಟುಡಿಯೊಗಳಿಗೆ ಒದಗಿರುವ ಒಂದು ಉಪವೃತ್ತಿಯಾಗಿದೆ. ಕೈಗೆ ಬಂದ ಕ್ಯಾಸೆಟ್‌ಗೆ ಸಾಮಾನ್ಯವಾಗಿ ಬೇರೆ ಪ್ರತಿ ಇರುವುದಿಲ್ಲ ಎಂಬುದೇ ಈ ಕೆಲಸದ ಹೊಣೆಗಾರಿಕೆ.

ಗಾತ್ರದ ಲೆಕ್ಕ

ಮಿನಿ ಡಿ.ವಿ. ಕ್ಯಾಸೆಟ್‌ನ ಒಂದು ಗಂಟೆಯ ದೃಶ್ಯವನ್ನು ಯಥಾವತ್ತಾಗಿ ಕಂಪ್ಯೂಟರಿಗೆ ಇಳಿಸಿದರೆ ಸುಮಾರು 13 ಗಿಗಾಬೈಟ್ ಆಗುತ್ತದೆ. ಮೂರು ಗಂಟೆಗಳ ವಿವಾಹಕ್ಕೆ ಸುಮಾರು 39 ಗಿಗಾಬೈಟ್ ಬೇಕು. ಅದನ್ನು ಎಚ್.264 ಕ್ರಮದಲ್ಲಿ, ಚಿತ್ರಕ್ಕೆ ಸೆಕೆಂಡಿಗೆ 15 ಲಕ್ಷ ಬಿಟ್, ಧ್ವನಿಗೆ 1.28 ಲಕ್ಷ ಬಿಟ್ ದರದಲ್ಲಿ ಕುಗ್ಗಿಸಿದರೆ ಸುಮಾರು 2.2 ಗಿಗಾಬೈಟ್‌ಗೆ ಇಳಿಯುತ್ತದೆ. ಇದರಿಂದ ಇನ್ನೊಂದು ಅನುಕೂಲವೂ ಇದೆ. ಅನೇಕ ಪೆನ್‌ಡ್ರೈವ್‌ಗಳಲ್ಲಿರುವ ಫ್ಯಾಟ್ 32 ವ್ಯವಸ್ಥೆಯು 4 ಗಿಗಾಬೈಟ್‌ಗಿಂತ ದೊಡ್ಡ ಕಡತವನ್ನು ಸ್ವೀಕರಿಸುವುದಿಲ್ಲ. 2013ರಲ್ಲಿ ರೂಪುಗೊಂಡ ಎಚ್.265 ಕ್ರಮವು ಇನ್ನೂ ಹೆಚ್ಚು ಕುಗ್ಗಿಸಬಲ್ಲದಾದರೂ ಹಳೆಯ ಟಿ.ವಿ.ಗಳು ಅದನ್ನು ಓದಲಾರವು. ಗ್ರಾಹಕರ ಟಿ.ವಿ. ಯಾವುದೆಂದು ತಿಳಿಯದಿದ್ದಾಗ ಎಚ್.264 ಕ್ಷೇಮಕರ.

ಬಿಟ್ ಉಳಿತಾಯವಾಗುವ ಬಗೆ

ಈ ಕುಗ್ಗಿಸುವಿಕೆಯ ಮೂಲ ಗಣಿತಕ್ಕೆ ಕರ್ನಾಟಕದ ನಂಟಿದೆ. ಬೆಂಗಳೂರಿನಲ್ಲಿ ಜನಿಸಿದ ನಾಸಿರ್ ಅಹ್ಮದ್ ಅವರು ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಂದಿಗೆ 1974ರಲ್ಲಿ ಪ್ರಕಟಿಸಿದ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂಬ ವಿಧಾನವೇ ಅದು. ಚಿತ್ರವನ್ನು ಸಣ್ಣ ಚೌಕಗಳಾಗಿ ವಿಭಜಿಸಿ, ಪ್ರತಿ ಚೌಕದಲ್ಲಿ ಕಣ್ಣಿಗೆ ಎದ್ದು ಕಾಣುವ ಅಂಶಗಳನ್ನು ಉಳಿಸಿ, ಸೂಕ್ಷ್ಮ ಅಂಶಗಳನ್ನು ಸ್ಥೂಲಗೊಳಿಸುವುದು ಇದರಿಂದ ಸಾಧ್ಯವಾಯಿತು. ಎರಡನೆಯ ಉಳಿತಾಯವು ಚಲನೆಯನ್ನು ಊಹಿಸುವುದರಿಂದ ದೊರೆಯುತ್ತದೆ. ಹಿಂದಿನ ಫ್ರೇಮಿನಲ್ಲಿದ್ದ ಮಂಟಪವು ಮುಂದಿನ ಫ್ರೇಮಿನಲ್ಲಿಯೂ ಹಾಗೆಯೇ ಇದ್ದರೆ ಅದನ್ನು ಮತ್ತೆ ಬರೆಯಬೇಕಾಗಿಲ್ಲ.

ಈ ಊಹೆ ಕೈಕೊಡುವಲ್ಲಿ ಚಿತ್ರ ಕೆಡುತ್ತದೆ. ಮಾಂಗಲ್ಯಧಾರಣೆಯ ಕ್ಷಣವನ್ನು ಗಮನಿಸಬಹುದು. ನೂರಾರು ಕೈಗಳಿಂದ ಅಕ್ಷತೆ ಬೀಳುತ್ತಿರುತ್ತದೆ, ಕ್ಯಾಮೆರಾಗಳ ಫ್ಲಾಷ್ ಮಿಂಚುತ್ತಿರುತ್ತದೆ, ಜನರು ಎದ್ದು ನಿಂತಿರುತ್ತಾರೆ. ಒಂದು ಫ್ರೇಮಿಗೂ ಇನ್ನೊಂದಕ್ಕೂ ಹೋಲಿಕೆಯೇ ಇರುವುದಿಲ್ಲ. ಎಲ್ಲ ಸೆಕೆಂಡುಗಳಿಗೂ ಸಮಾನ ದರವನ್ನು ನಿಗದಿಪಡಿಸಿದ್ದರೆ, ಕುಟುಂಬದವರು ಯಾವ ನಿಮಿಷವನ್ನು ನೋಡಲು ಬಯಸುತ್ತಾರೆಯೋ ಅದೇ ನಿಮಿಷದಲ್ಲಿ ಮುಖಗಳು ಚೌಕಚೌಕವಾಗಿ ಒಡೆಯುತ್ತವೆ. ಸರಾಸರಿ ದರವೊಂದರಿಂದಲೇ ಗುಣಮಟ್ಟವನ್ನು ಅಳೆಯಬಾರದೆಂಬುದಕ್ಕೆ ಇದೇ ಕಾರಣ.

ಪೂರ್ವಸಿದ್ಧತೆ

ಎನ್‌ಕೋಡಿಂಗ್‌ಗೆ ಮೊದಲು ಮಾಡುವ ಶುದ್ಧೀಕರಣವು ಗುಣಮಟ್ಟವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

1. ಮೂಲ ದೃಶ್ಯವು ಸೆಕೆಂಡಿಗೆ 50 ಅರ್ಧಚಿತ್ರಗಳ ಇಂಟರ್‌ಲೇಸ್ ರೂಪದಲ್ಲಿರುತ್ತದೆ. ಅದನ್ನು ಹಾಗೆಯೇ ಪೂರ್ಣ ಫ್ರೇಮ್‌ಗಳೆಂದು ಭಾವಿಸಿ ಕುಗ್ಗಿಸಿದರೆ ಚಲಿಸುವ ವಸ್ತುಗಳ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತಹ ಗೆರೆಗಳು ಮೂಡುತ್ತವೆ. ಆ ಗೆರೆಗಳಿಗಾಗಿ ಬಿಟ್‌ಗಳೂ ವ್ಯರ್ಥವಾಗುತ್ತವೆ. ಮೊದಲು ಡಿಇಂಟರ್‌ಲೇಸ್ ಮಾಡಿ 25 ಪೂರ್ಣ ಫ್ರೇಮ್‌ಗಳಿಗೆ ತರಬೇಕು.

2. ಮಂದ ಬೆಳಕಿನಲ್ಲಿ ಚಿತ್ರೀಕರಿಸಿದ ದೃಶ್ಯಗಳಲ್ಲಿ ಮರಳಿನಂತಹ ಕಣಗಳು ಕುಣಿಯುತ್ತಿರುತ್ತವೆ. ಎನ್‌ಕೋಡರ್ ಅವುಗಳನ್ನೂ ಚಲನೆಯೆಂದೇ ಬಗೆಯುತ್ತದೆ. ಹದವಾದ ಶೋಧನೆಯಿಂದ ಇವುಗಳನ್ನು ತಗ್ಗಿಸಬೇಕು. ಶೋಧನೆ ಅತಿಯಾದರೆ ಮುಖಗಳು ಮೇಣದ ಬೊಂಬೆಗಳಂತೆ ಕಾಣುವವು.

3. ವಿ.ಎಚ್.ಎಸ್. ಚಿತ್ರದ ಕೆಳ ಅಂಚಿನಲ್ಲಿ ಅಲುಗಾಡುವ ಕೆಲವು ಗೆರೆಗಳನ್ನು ಹಳೆಯ ಟಿ.ವಿ.ಗಳ ಚೌಕಟ್ಟು ಮರೆಮಾಡುತ್ತಿತ್ತು. ಈಗ ಅವುಗಳನ್ನು ಕಪ್ಪು ಪಟ್ಟಿಯಿಂದ ಮುಚ್ಚುವುದು ಲೇಸು.

4. ನಾಲ್ಕಕ್ಕೆ ಮೂರರ ಪ್ರಮಾಣದ ಚಿತ್ರವನ್ನು ಅಗಲ ಪರದೆಗೆ ಎಳೆಯಕೂಡದು. ಸರಿಯಾದ ಪ್ರಮಾಣವನ್ನು ಕಡತದಲ್ಲಿಯೇ ನಮೂದಿಸಬೇಕು.

ಚಿತ್ರದ ಅಳತೆ

‘ಎಚ್.ಡಿ. ಮಾಡಿಕೊಡಿ’ ಎಂದು ಗ್ರಾಹಕರು ಕೇಳುವುದುಂಟು. 720×576 ಅಳತೆಯ ಚಿತ್ರದಲ್ಲಿ ಸೆಕೆಂಡಿಗೆ ಸುಮಾರು 1.04 ಕೋಟಿ ಪಿಕ್ಸೆಲ್‌ಗಳಿವೆ. 1920×1080 ಅಳತೆಯಲ್ಲಿ ಅದರ ಐದು ಪಟ್ಟು. 15 ಲಕ್ಷ ಬಿಟ್‌ಗಳನ್ನು ಹಂಚಿದರೆ ಮೊದಲನೆಯದರಲ್ಲಿ ಪಿಕ್ಸೆಲ್ ಒಂದಕ್ಕೆ 0.145 ಬಿಟ್ ದೊರೆತರೆ ಎರಡನೆಯದರಲ್ಲಿ 0.029 ಬಿಟ್ ಮಾತ್ರ. ಕ್ಯಾಸೆಟ್‌ನಲ್ಲಿ ಇಲ್ಲದ ವಿವರವು ಹಿಗ್ಗಿಸಿದ ಮಾತ್ರಕ್ಕೆ ಹುಟ್ಟುವುದಿಲ್ಲ. ನೋಡುವ ದೂರವೂ ಮುಖ್ಯ. 43 ಅಂಗುಲದ ಟಿ.ವಿ.ಯನ್ನು ಸುಮಾರು 10 ಅಡಿ ದೂರದಿಂದ ನೋಡುವವರು ಪರದೆಯ ಎತ್ತರದ ಆರು ಪಟ್ಟು ದೂರದಲ್ಲಿರುತ್ತಾರೆ. ಅಷ್ಟು ದೂರಕ್ಕೆ ಮೂಲ ಅಳತೆಯೇ ಸಾಕು. ಹಿಗ್ಗಿಸುವ ಕೆಲಸವನ್ನು ಟಿ.ವಿ.ಗೆ ಬಿಡಬಹುದು.

ದರದ ಹಂಚಿಕೆ

ಕಡತದ ಗಾತ್ರ ಮೊದಲೇ ನಿಶ್ಚಿತವಾಗಿದ್ದರೆ ಎರಡು ಸುತ್ತಿನ ಎನ್‌ಕೋಡಿಂಗ್ ಸೂಕ್ತ. ಮೊದಲ ಸುತ್ತಿನಲ್ಲಿ ತಂತ್ರಾಂಶವು ಕಠಿಣ ದೃಶ್ಯಗಳನ್ನು ಗುರುತಿಸುತ್ತದೆ. ಎರಡನೆಯದರಲ್ಲಿ ಆರತಕ್ಷತೆಯ ಸಾಲಿನಂತಹ ಸರಳ ದೃಶ್ಯಗಳಿಂದ ಉಳಿಸಿದ ಬಿಟ್‌ಗಳನ್ನು ಅಕ್ಷತೆಯ ದೃಶ್ಯಕ್ಕೆ ನೀಡುತ್ತದೆ. ಗಾತ್ರದ ಕಟ್ಟುಪಾಡು ಇಲ್ಲದಿದ್ದರೆ ಉಚಿತವಾಗಿ ದೊರೆಯುವ ಎಕ್ಸ್264 ತಂತ್ರಾಂಶದ ಸ್ಥಿರ ಗುಣಮಟ್ಟದ ಕ್ರಮವನ್ನು ಬಳಸಬಹುದು. ಅದರ ಸಾಮಾನ್ಯ ಅಂಕ 23. ಅಂಕ ಕಡಿಮೆಯಾದಷ್ಟೂ ಗುಣಮಟ್ಟವೂ ಗಾತ್ರವೂ ಹೆಚ್ಚುತ್ತವೆ. ನಿಧಾನಗತಿಯ ಆಯ್ಕೆಯನ್ನು ಬಳಸಿದರೆ ಅದೇ ದರದಲ್ಲಿ ಚಿತ್ರ ಉತ್ತಮಗೊಳ್ಳುತ್ತದೆ. ಇದಕ್ಕೆ ತಗಲುವ ವೆಚ್ಚವು ರಾತ್ರಿಯ ಕೆಲವು ಗಂಟೆಗಳ ವಿದ್ಯುತ್ತಷ್ಟೆ.

ಪರೀಕ್ಷೆ ಮತ್ತು ಒಪ್ಪಿಸುವಿಕೆ

ಇಡೀ ಕ್ಯಾಸೆಟ್ಟನ್ನು ಪರಿವರ್ತಿಸುವ ಮೊದಲು ಅತ್ಯಂತ ಕಠಿಣವಾದ ಎರಡು ನಿಮಿಷಗಳನ್ನು ಮಾತ್ರ ಕುಗ್ಗಿಸಿ, ಅದನ್ನು ಕಂಪ್ಯೂಟರಿನ ಕಿರು ಕಿಟಕಿಯಲ್ಲಲ್ಲದೆ ನಿಜವಾದ ಟಿ.ವಿ.ಯಲ್ಲಿ, ಕತ್ತಲೆಯ ಕೋಣೆಯಲ್ಲಿ ನೋಡಬೇಕು. ಟಿ.ವಿ.ಯ ಚಿತ್ರ ತೀಕ್ಷ್ಣಗೊಳಿಸುವ ವ್ಯವಸ್ಥೆಯು ದೋಷಗಳನ್ನು ಎತ್ತಿ ತೋರಿಸುತ್ತದೆ. ಕಪ್ಪು ಕೂದಲು ಮತ್ತು ಗಾಢ ಬಣ್ಣದ ರೇಷ್ಮೆ ಸೀರೆಯ ಮಡಿಕೆಗಳು ಮಸಿಯಂತೆ ಒಂದಾಗಿದ್ದರೆ ಬೆಳಕಿನ ಶ್ರೇಣಿಯ ಆಯ್ಕೆ ತಪ್ಪಿದೆಯೆಂದು ಶಂಕಿಸಬೇಕು, ಟಿ.ವಿ. ಚಿತ್ರದಲ್ಲಿ ಕಪ್ಪಿಗೆ 16, ಬಿಳುಪಿಗೆ 235 ಎಂಬ ಅಂಕಗಳು ರೂಢಿಯಲ್ಲಿವೆ.

ಕಡಿಮೆ ದರದ ಕಡತವು ನೋಡುವುದಕ್ಕೆ ತಯಾರಿಸಿದ ಪ್ರತಿಯೇ ಹೊರತು ಮೂಲಕ್ಕೆ ಬದಲಿಯಲ್ಲ. ಕುಗ್ಗಿಸುವಾಗ ಕಳೆದುಹೋದ ವಿವರ ಮರಳಿ ಬಾರದು. ಆದುದರಿಂದ ಕುಗ್ಗಿಸದ ಕಡತವನ್ನು ಪ್ರತ್ಯೇಕ ಹಾರ್ಡ್ ಡಿಸ್ಕ್‌ನಲ್ಲಿ ನೀಡುವ ಸೌಲಭ್ಯವನ್ನೂ ಅದರ ದರವನ್ನೂ ರಸೀದಿಯಲ್ಲಿ ಬೇರೆಯಾಗಿ ನಮೂದಿಸುವುದು, ಕ್ಯಾಸೆಟ್ಟನ್ನು ಹಿಂದಿರುಗಿಸುವಾಗ ಅದನ್ನು ಎಸೆಯದಂತೆ ಗ್ರಾಹಕರಿಗೆ ತಿಳಿಸುವುದು, ಒಪ್ಪಿಸಿದ ಕಡತವನ್ನು ಅವರು ತಮ್ಮ ಮನೆಯ ಟಿ.ವಿ.ಯಲ್ಲಿ ನೋಡಿ ಒಪ್ಪುವವರೆಗೆ ಕಂಪ್ಯೂಟರಿನಲ್ಲಿರುವ ಮೂಲ ಕಡತವನ್ನು ಅಳಿಸದಿರುವುದು, ಈ ಮೂರನ್ನು ಪ್ರತಿ ಸ್ಟುಡಿಯೊ ತನ್ನ ನಿಯಮವಾಗಿ ಪಾಲಿಸತಕ್ಕದ್ದು.