ಸುಮ್ಮನೆ ಕುಳಿತ ಮೀನು

ಅಂಗಳದಲ್ಲಿ ಭತ್ತ ಒಣಗಲು ಹರವಿದಾಗ ಜಗಲಿಯಲ್ಲಿ ಕುಳಿತಿರುವ ಅಜ್ಜಿಯನ್ನು ನಾವೆಲ್ಲರೂ ನೋಡಿದ್ದೇವೆ. ದಾರಿಹೋಕರ ಕಣ್ಣಿಗೆ ಅವರು ಸುಮ್ಮನೆ ಕುಳಿತಂತೆ ಕಾಣಬಹುದು. ಆದರೆ ಅವರು ಎದ್ದು ಒಳಗೆ ಹೋದರೆ ಕಾಗೆ, ಕೋಳಿಗಳು ಭತ್ತಕ್ಕೆ ಮುತ್ತುತ್ತವೆ. ಕಡಲಿನ ತಳದಲ್ಲಿಯೂ ಇಂತಹ ಒಬ್ಬ ಕಾವಲುಗಾರನಿದ್ದಾನೆ. ಅವನ ಪರಿಚಯ ಮಾಡಿಕೊಳ್ಳೋಣ.

ಕೆಂಪು ಸಮುದ್ರದಿಂದ ಶಾಂತಸಾಗರದ ಸಮೋವಾ ದ್ವೀಪಗಳವರೆಗೆ, ಹವಳದ ದಿಬ್ಬಗಳ ಪಕ್ಕದ ಮರಳಿನ ಇಳಿಜಾರುಗಳಲ್ಲಿ ಸ್ಟೈನಿಟ್ಜ್ ಗೋಬಿ ಎಂಬ ಸಣ್ಣ ಮೀನು ವಾಸಿಸುತ್ತದೆ. ಕ್ಲಾಸೆವಿಟ್ಜ್ ಎಂಬ ಜರ್ಮನ್ ವಿಜ್ಞಾನಿ 1974ರಲ್ಲಿ ಇದನ್ನು ಮೊದಲು ವರ್ಣಿಸಿದರು. ಇದರ ಬಿಳಿಚು ಮೈಯ ಮೇಲೆ ಕಂದು ಬಣ್ಣದ ಅಡ್ಡಪಟ್ಟೆಗಳಿವೆ. ಕಣ್ಣು ಬಹಳ ಚುರುಕು. ಆದರೆ ಬಯಲು ಮರಳಿನಲ್ಲಿ ಅಡಗಲು ಆಳವಾದ ಬಿಲ ತೋಡುವ ಶಕ್ತಿ ಇದಕ್ಕಿಲ್ಲ.

ಆ ಕೆಲಸ ಪಿಸ್ತೂಲು ಸಿಗಡಿಯದು. ನಮ್ಮ ಕರಾವಳಿಯ ಮಕ್ಕಳಿಗೆ ಸಿಗಡಿ ಹೊಸತಲ್ಲ. ಆದರೆ ಈ ಜಾತಿಯ ಸಿಗಡಿಗೆ ಇಕ್ಕಳದಂತಹ ದೊಡ್ಡ ಕಾಲೊಂದಿದೆ. ಅದನ್ನು ಥಟ್ಟನೆ ಮುಚ್ಚಿದಾಗ ಪಿಸ್ತೂಲಿನಂತೆ ಸದ್ದಾಗುತ್ತದೆ. ನೀರಿನಲ್ಲಿ ಹುಟ್ಟುವ ಗುಳ್ಳೆಯೊಂದು ಕುಸಿಯುವುದೇ ಆ ಸದ್ದಿಗೆ ಕಾರಣವೆಂದು 2000ದಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಇಷ್ಟು ಬಲಶಾಲಿಯಾದರೂ ಇದರ ದೃಷ್ಟಿ ಮಾತ್ರ ಮಂದ. ಸಡಿಲ ಮರಳಿನ ಬಿಲ ಮತ್ತೆ ಮತ್ತೆ ಕುಸಿಯುವುದರಿಂದ ಹಗಲೆಲ್ಲ ಮರಳನ್ನು ಹೊರಗೆ ತಂದು ಹಾಕುತ್ತಲೇ ಇರಬೇಕು. ಹೊರಗೆ ಬಂದಾಗ ಶತ್ರು ಎದುರಿಗಿದ್ದರೂ ಅದಕ್ಕೆ ಸರಿಯಾಗಿ ಕಾಣದು.

ಆದುದರಿಂದ ಒಂದೇ ಬಿಲದಲ್ಲಿ ಎರಡೂ ಸಂಸಾರ ಹೂಡುತ್ತವೆ. ಗೋಬಿ ಬಾಗಿಲಲ್ಲಿ ಕುಳಿತು ಸುತ್ತಲೂ ನೋಡುತ್ತಿರುತ್ತದೆ. ಸಿಗಡಿ ಹೊರಗೆ ಬಂದಾಗಲೆಲ್ಲ ತನ್ನ ಉದ್ದ ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡೇ ಇರುತ್ತದೆ. ಅಪಾಯ ಸುಳಿದರೆ ಗೋಬಿ ಬಾಲವನ್ನು ಬೇಗಬೇಗನೆ ಅದುರಿಸುತ್ತದೆ. ಆ ಅದುರು ಮೀಸೆಗೆ ತಿಳಿದೊಡನೆ ಸಿಗಡಿ ಒಳಗೆ ಸರಿಯುತ್ತದೆ. ಅಪಾಯ ತೀರ ಹತ್ತಿರ ಬಂದರೆ ಗೋಬಿಯೂ ತಲೆ ಕೆಳಗಾಗಿ ಬಿಲಕ್ಕೆ ಧುಮುಕುತ್ತದೆ. ಮೀನು ಬಾಗಿಲಲ್ಲಿ ಇಲ್ಲದಿದ್ದರೆ ಸಿಗಡಿ ಹೊರಗೆ ಬರುವುದೇ ಅಪರೂಪ. ಕತ್ತಲಾದ ಮೇಲೆ ಎರಡೂ ಬಿಲದೊಳಗೇ ವಿಶ್ರಮಿಸುತ್ತವೆ.

ಇಲ್ಲಿ ಯಜಮಾನ ಯಾರು, ಬಾಡಿಗೆದಾರ ಯಾರು? ಹೇಳುವುದು ಕಷ್ಟ. ತೋಡುವವನ ಬೆವರು ನಮಗೆ ಬೇಗ ಕಾಣುತ್ತದೆ, ಕಾಯುವವನ ಎಚ್ಚರ ಕಾಣುವುದಿಲ್ಲ. ಆದರೆ ಆ ಎಚ್ಚರ ಒಂದು ಗಳಿಗೆ ತಪ್ಪಿದರೂ ಸಿಗಡಿಯ ಪ್ರಾಣಕ್ಕೆ ಸಂಚಕಾರ. ಇನ್ನು ಮುಂದೆ ಜಗಲಿಯಲ್ಲಿ ಕುಳಿತ ಅಜ್ಜಿಯನ್ನು ಕಂಡಾಗ, ಅವರು ಸುಮ್ಮನೆ ಕುಳಿತಿದ್ದಾರೆಂದು ನಾವು ಹೇಳದಿರೋಣ.