ಪಟ್ಟಿ ಸುರುಳಿ ಗೆಲಾಕ್ಸಿ: ನೋಡಲು, ಸೆರೆಹಿಡಿಯಲು ಏಳು ಸೂತ್ರಗಳು

ನಡುವೆ ನಕ್ಷತ್ರಗಳ ಉದ್ದನೆಯ ಪಟ್ಟಿ, ಅದರ ಎರಡೂ ತುದಿಗಳಿಂದ ಹೊರಳುವ ತೋಳುಗಳು. ಇಂಥ ಗೆಲಾಕ್ಸಿಗಳನ್ನು ಕಾಣಲು ಕರ್ನಾಟಕದ ಆಕಾಶ ಬಹಳ ಅನುಕೂಲ.

1. ಎನ್‌ಜಿಸಿ 1365ರಿಂದ ಶುರು ಮಾಡಿ. ಫಾರ್ನಾಕ್ಸ್ ಪುಂಜದ ಈ ಗೆಲಾಕ್ಸಿ ಸುಮಾರು 6 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಲಂಡನ್ನಿನವರಿಗೆ ಅದು ದಿಗಂತ ಬಿಟ್ಟು ಮೇಲೇಳುವುದೇ ಇಲ್ಲ ಎನ್ನಬಹುದು. ಕಡುಗತ್ತಲೆಗೆ ಹೆಸರಾದ ಲಡಾಖಿನ ಹಾನ್ಲೆಯಲ್ಲೂ ಏರುವುದು 21 ಡಿಗ್ರಿಯಷ್ಟೇ. ಬೆಂಗಳೂರಿನ ಅಕ್ಷಾಂಶದಲ್ಲಿ 41 ಡಿಗ್ರಿ! ಡಿಸೆಂಬರ್ ಕೊನೆಗೆ ರಾತ್ರಿ 9ರ ಸುಮಾರಿಗೆ ನೇರ ದಕ್ಷಿಣದಲ್ಲಿರುತ್ತದೆ.

2. ಅಮಾವಾಸ್ಯೆಯ ಆಸುಪಾಸಿನಲ್ಲಿ, ನಗರದ ದಕ್ಷಿಣಕ್ಕೆ ಹೊರಡಿ. ಆಗ ಊರಿನ ಬೆಳಕು ಬೆನ್ನಿಗಿರುತ್ತದೆ. ದೂರದರ್ಶಕದ ಗಾತ್ರಕ್ಕಿಂತ ಕತ್ತಲೆಯೇ ಮುಖ್ಯ.

3. ಕಣ್ಣಿಗೆ ಸಮಯ ಕೊಡಿ. 8 ಇಂಚಿನ ಡಾಬ್ಸೋನಿಯನ್ ದೂರದರ್ಶಕ ಸಾಕು, ಆದರೆ ಅರ್ಧ ಗಂಟೆ ಮೊಬೈಲ್ ಮುಟ್ಟಬೇಡಿ. ಗೆಲಾಕ್ಸಿಯನ್ನೇ ದಿಟ್ಟಿಸದೆ ಅದರ ಪಕ್ಕಕ್ಕೆ ನೋಟ ನಿಲ್ಲಿಸಿ. ಮಂದ ಬೆಳಕನ್ನು ಗ್ರಹಿಸುವ ಕೋಶಗಳು ಅಕ್ಷಿಪಟದ ನಟ್ಟನಡುವೆ ಇಲ್ಲ, ಸುತ್ತಲೂ ಇವೆ. ಮೊದಲು ಕಾಣುವುದು ನಡುವಿನ ಹೊಳಪು. ಕೊಳವೆಯನ್ನು ಮೆಲ್ಲಗೆ ತಟ್ಟಿ: ಅಲುಗುವ ಮಬ್ಬನ್ನು ಕಣ್ಣು ಬೇಗ ಗುರುತಿಸುತ್ತದೆ, ಪಟ್ಟಿ ಹೊರಬರುತ್ತದೆ. ತೋಳುಗಳಿಗೆ ತಾಳ್ಮೆ ಬೇಕು.

4. ಫೋಟೋಗೆ ಇಳಿಯುವವರು ಮೊದಲ ಹಣವನ್ನು ದೂರದರ್ಶಕವನ್ನು ಹೊತ್ತು ಆಕಾಶದೊಂದಿಗೆ ತಿರುಗಿಸುವ ಮೌಂಟ್‌ಗೆ ಹಾಕಿ, ಕ್ಯಾಮೆರಾಗೆ ಅಲ್ಲ. ಅದರ ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ ಹೊಂದಿಸಬೇಕು. ನಮ್ಮಲ್ಲಿ ಆ ನಕ್ಷತ್ರ ಸುಮಾರು 12ರಿಂದ 18 ಡಿಗ್ರಿ ಎತ್ತರದಲ್ಲೇ ಇರುವುದರಿಂದ ಮರ, ಮಂಜು ಅದನ್ನು ಮುಚ್ಚಿಬಿಡುತ್ತವೆ. ಅದಿಲ್ಲದೆಯೂ ಅಕ್ಷ ಹೊಂದಿಸುವ ಡ್ರಿಫ್ಟ್ ವಿಧಾನ ಕಲಿತಿರಿ.

5. ಒಂದೇ ದೀರ್ಘ ಎಕ್ಸ್‌ಪೋಷರ್ ಬೇಡ. ಎರಡು ಮೂರು ನಿಮಿಷದ ಫ್ರೇಮುಗಳನ್ನು ಹಲವು ರಾತ್ರಿ ಕೂಡಿಸಿ, ಸಿರಿಲ್‌ನಂಥ ಉಚಿತ ತಂತ್ರಾಂಶದಲ್ಲಿ ಸ್ಟ್ಯಾಕ್ ಮಾಡಿ. ಕೇಂದ್ರ ಬೆಳ್ಳಗೆ ಸುಟ್ಟುಹೋಗದಂತೆ 30 ಸೆಕೆಂಡಿನ ಕೆಲವು ಫ್ರೇಮುಗಳೂ ಇರಲಿ. ಧೂಳಿನ ಕಲೆ, ಅಂಚಿನ ಮಬ್ಬು ತೆಗೆಯಲು ಸಮಬೆಳಕಿನಲ್ಲಿ ತೆಗೆಯುವ ಫ್ಲಾಟ್ ಫ್ರೇಮ್ ಮರೆಯಲೇಬೇಡಿ.

6. ಸಂಸ್ಕರಣೆಯಲ್ಲಿ ಕೈ ಬಿಗಿಹಿಡಿಯಿರಿ. ಪಟ್ಟಿಯುದ್ದಕ್ಕೂ ಕಪ್ಪು ಧೂಳಿನ ಗೆರೆಗಳಿವೆ. ಅನಿಲ ಕೇಂದ್ರದತ್ತ ಹರಿಯುವ ದಾರಿ ಅದು. ನಾಯ್ಸ್ ಅಳಿಸುವ ಭರದಲ್ಲಿ ಆ ಗೆರೆಗಳನ್ನೇ ಒರೆಸಿಹಾಕಿದರೆ ಚಿತ್ರದ ಜೀವವೇ ಹೋಯಿತು.

7. ಪ್ರತಿ ವರ್ಷ ಮತ್ತೆ ತೆಗೆಯಿರಿ, ಹಳೆಯದರೊಂದಿಗೆ ಹೋಲಿಸಿ. ಎನ್‌ಜಿಸಿ 1365ರಲ್ಲಿ 1957, 1983, 2001, 2012ರಲ್ಲಿ ಸೂಪರ್‌ನೋವಾಗಳು (ಸಿಡಿಯುವ ನಕ್ಷತ್ರಗಳು) ಕಂಡಿವೆ. ಮಾರ್ಚ್ ನಡುವೆ, ನಸುಕಿನ 2ರ ಹೊತ್ತಿಗೆ, ಚಿತ್ತಾ ನಕ್ಷತ್ರದಿಂದ ಸುಮಾರು 19 ಡಿಗ್ರಿ ದಕ್ಷಿಣದಲ್ಲಿರುವ ಎಂ83 ಎಂಬ ಇನ್ನೊಂದು ಪಟ್ಟಿ ಸುರುಳಿ ಗೆಲಾಕ್ಸಿಯನ್ನೂ ಇದೇ ಕ್ರಮದಲ್ಲಿ ತೆಗೆದಿಡಿ.