ಟಾರ್ಚಿನ ಬ್ಯಾಟರಿಯ ಆಯುಸ್ಸು

ಅನೇಕ ಗ್ರಾಮಗಳಲ್ಲಿ ತ್ರೀ ಫೇಸ್ ಕರೆಂಟು ರಾತ್ರಿಯ ಪಾಳಿಯಲ್ಲಿ ದೊರೆಯುವ ಕಾರಣ, ಪಂಪ್‌ಸೆಟ್ ಚಾಲೂ ಮಾಡುವುದಕ್ಕೂ ಮಡೆ ತಿರುಗಿಸುವುದಕ್ಕೂ ಕತ್ತಲೆಯಲ್ಲಿ ಬದುವಿನ ಮೇಲೆ ನಡೆದುಹೋಗಬೇಕಾದ ರೈತನ ಕ್ಷೇಮವು ಅವನ ಕೈಯಲ್ಲಿರುವ ಟಾರ್ಚನ್ನು ಬಹುಮಟ್ಟಿಗೆ ಅವಲಂಬಿಸಿರುತ್ತದೆ. ಅಂಥ ಟಾರ್ಚು ಹುಲ್ಲು ದಟ್ಟವಾಗಿರುವ ಎಡೆಯಲ್ಲಿಯೇ ಥಟ್ಟನೆ ನಂದಿಹೋದರೆ ಒದಗಬಹುದಾದ ಅಪಾಯವನ್ನು ಹಳ್ಳಿಯವರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಆದುದರಿಂದ ಚಾರ್ಜು ಮಾಡಿ ಬಳಸುವ ಬ್ಯಾಟರಿ ಎಷ್ಟು ಕಾಲ ಬಾಳುತ್ತದೆ, ಅದನ್ನು ಬದಲಿಸತಕ್ಕ ಸಮಯವನ್ನು ಮುಂಚಿತವಾಗಿ ಅರಿಯುವುದು ಹೇಗೆ ಎಂಬುದನ್ನು ಇಲ್ಲಿ ಕ್ರಮವಾಗಿ ನಿರೂಪಿಸಿದೆ.

ಮೊದಲು ಮಾಡಬೇಕಾದ ಕಾರ್ಯವೆಂದರೆ ಟಾರ್ಚಿನ ಒಳಗಿರುವುದು ಯಾವ ಜಾತಿಯ ಬ್ಯಾಟರಿಯೆಂದು ತಿಳಿಯುವುದು. ಪೆಟ್ಟಿಗೆಯಾಕಾರದ, ತೂಕವಾದ, ಮೈಮೇಲೆ 4 ವೋಲ್ಟ್ ಎಂದು ಬರೆದಿರುವ ಬ್ಯಾಟರಿಯಾದರೆ ಅದು ಸೀಸ ಮತ್ತು ಆಮ್ಲದಿಂದಾದುದು. ಮಾಮೂಲು ಪೆನ್ ಸೆಲ್ಲಿಗಿಂತ ದಪ್ಪನಾಗಿ, 18 ಮಿಲಿಮೀಟರ್ ವ್ಯಾಸವೂ 65 ಮಿಲಿಮೀಟರ್ ಉದ್ದವೂ ಇರುವ ಉರುಟು ಸೆಲ್ಲಾದರೆ ಅದು ಸಾಮಾನ್ಯವಾಗಿ ಲಿಥಿಯಂ ಅಯಾನ್, ಆ ಅಳತೆಯಿಂದಲೇ ಅದಕ್ಕೆ 18650 ಎಂಬ ಹೆಸರು. ಇವೆರಡರ ಸ್ವಭಾವ ಪರಸ್ಪರ ವಿರುದ್ಧವಾದುದು. ಸೀಸದ ಬ್ಯಾಟರಿಯನ್ನು ಖಾಲಿಯಾಗಿ ಇಟ್ಟರೆ ಅದರ ಫಲಕಗಳ ಮೇಲೆ ಸಲ್ಫೇಟಿನ ಹರಳುಗಳು ಗಟ್ಟಿಗಟ್ಟಿ, ಮುಂದೆ ಎಷ್ಟು ಚಾರ್ಜು ಮಾಡಿದರೂ ಅದು ಹಿಡಿಯಲಾರದು. ಆದಕಾರಣ ಬಳಸಿದೊಡನೆಯೂ, ಬಳಸದಿದ್ದರೆ ತಿಂಗಳಿಗೊಮ್ಮೆಯೂ ಅದನ್ನು ಚಾರ್ಜಿಗೆ ಹಾಕತಕ್ಕದ್ದು. ಲಿಥಿಯಂ ಸೆಲ್ಲಾದರೋ, ಪೂರ್ತಿ ತುಂಬಿದ ಸ್ಥಿತಿಯಲ್ಲಿ ಬಹುದಿನ ಸುಮ್ಮನಿದ್ದರೆ ಕ್ಷೀಣಿಸುತ್ತದೆ. ಒಂದಕ್ಕೆ ಹಿತವಾದ ಉಪಚಾರವನ್ನು ಇನ್ನೊಂದಕ್ಕೆ ಮಾಡಿ ಎರಡನ್ನೂ ಕೆಡಿಸುವವರೇ ಹೆಚ್ಚು ಎಂದು ನನ್ನ ಭಾವನೆ.

ಇನ್ನು ಲಿಥಿಯಂ ಸೆಲ್ಲಿನ ಆಯುಸ್ಸನ್ನು ಆವೃತ್ತಿಗಳಿಂದ ಎಣಿಸುತ್ತಾರೆ. ಪೂರ್ತಿ ಖಾಲಿಯಾಗಿ ಪೂರ್ತಿ ತುಂಬುವುದು ಒಂದು ಆವೃತ್ತಿ. ಅರ್ಧದಷ್ಟು ಎರಡು ಸಲ ತುಂಬಿದರೂ ಲೆಕ್ಕಕ್ಕೆ ಒಂದೇ. ಸಾಧಾರಣ ಸೆಲ್ಲು 300ರಿಂದ 500 ಆವೃತ್ತಿಗಳಾಗುವ ವೇಳೆಗೆ ತನ್ನ ಮೂಲ ಸಾಮರ್ಥ್ಯದ ಶೇಕಡಾ 80ಕ್ಕೆ ಇಳಿಯುತ್ತದೆ. ಅಂದರೆ ಪ್ರತಿರಾತ್ರಿ ಪೂರ್ತಿ ಉರಿಸುವವರಿಗೆ ಅದು ಸುಮಾರು ಹತ್ತರಿಂದ ಹದಿನಾರು ತಿಂಗಳ ಸಂಗಾತಿ. ವಾರಕ್ಕೆ ಒಂದೇ ಆವೃತ್ತಿ ಬಳಸುವವರಿಗೆ ಈ ಗಣಿತದಂತೆ ಸುಮಾರು ಆರರಿಂದ ಒಂಬತ್ತೂವರೆ ವರ್ಷ ಬರಬೇಕಾಗಿದ್ದರೂ ಹಾಗೆ ಬರುವುದು ಅಪರೂಪ. ಏಕೆಂದರೆ ಒಳಗಿನ ಗ್ರಾಫೈಟಿನ ಮೇಲೆ ಒಂದು ಸೂಕ್ಷ್ಮವಾದ ಪೊರೆ, ನಾವು ಬಳಸಿದರೂ ಬಿಟ್ಟರೂ, ಲಿಥಿಯಮ್ಮನ್ನು ನುಂಗುತ್ತ ಬೆಳೆಯುತ್ತಲೇ ಇರುತ್ತದೆ.

ಈ ಪೊರೆಯ ಬೆಳವಣಿಗೆಯನ್ನು ತ್ವರೆಗೊಳಿಸುವುದು ಶಾಖ. ಸುಮಾರು ಶೇಕಡಾ 40ರಷ್ಟು ಚಾರ್ಜಿರುವ ಸೆಲ್ಲನ್ನು 25 ಡಿಗ್ರಿ ಉಷ್ಣತೆಯಲ್ಲಿ ಒಂದು ವರ್ಷ ಇಟ್ಟರೆ ಅದರ ಶಕ್ತಿಯಲ್ಲಿ ಶೇಕಡಾ ನಾಲ್ಕರಷ್ಟು ಮಾತ್ರ ನಷ್ಟವಾದೀತು. ಅದನ್ನೇ ಪೂರ್ತಿ ತುಂಬಿ 40 ಡಿಗ್ರಿಯಲ್ಲಿಟ್ಟರೆ ಮೂರನೆಯ ಒಂದು ಭಾಗದಷ್ಟು ಹೋಗುತ್ತದೆ. ತಗಡಿನ ಸೂರಿನ ಪಂಪ್‌ಹೌಸಿನಲ್ಲಿ, ಬಿಸಿಲಿಗೆ ನಿಲ್ಲಿಸಿದ ಬೈಕಿನ ಡಿಕ್ಕಿಯಲ್ಲಿ ಟಾರ್ಚನ್ನು ಬಿಟ್ಟುಬರುವವರು ಇದನ್ನು ಗಮನಿಸಬೇಕು. ಟಾರ್ಚು ಮನೆಯೊಳಗೆ, ನೆರಳಿನ ಗೂಡಿನಲ್ಲಿರಲಿ; ಚಾರ್ಜು ತುಂಬಿದೊಡನೆ ಪ್ಲಗ್ ತೆಗೆಯುವ ಅಭ್ಯಾಸವಿರಲಿ; ಬೇಸಗೆ ರಜೆಗೆ ಊರು ಬಿಟ್ಟು ಹೋಗುವುದಾದರೆ ಅರ್ಧ ತುಂಬಿಸಿ ಇಡಿ. ಪೂರ್ತಿ ಬರಿದಾದ ಮೇಲೆಯೇ ಚಾರ್ಜು ಮಾಡಬೇಕೆಂಬ ಹಿಂದಿನ ಸಲಹೆ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಲಿಥಿಯಮ್ಮಿಗೆ ಅದು ಹಾನಿಕರ.

ಬದಲಿಸುವ ಕಾಲವನ್ನು ಅರಿಯಲು ಬೇಕಾದುದು ಒಂದು ಗಡಿಯಾರ, ಒಂದು ಪೆನ್ಸಿಲು. ಟಾರ್ಚು ಕೊಂಡ ದಿನವೇ ಪೂರ್ತಿ ಚಾರ್ಜು ಮಾಡಿ, ನಡುವಣ ಬೆಳಕಿನಲ್ಲಿ ಉರಿಸಿ, ಎಷ್ಟು ಹೊತ್ತು ಉರಿಯಿತೆಂಬುದನ್ನು ತಾರೀಖಿನೊಡನೆ ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡಿ. ಆರು ತಿಂಗಳಿಗೊಮ್ಮೆ ಹೀಗೆ ಮಾಡಿ ನೋಡಿದರೆ ಸಾಕು. ಐದು ಗಂಟೆ ಉರಿಯುತ್ತಿದ್ದುದು ನಾಲ್ಕಕ್ಕೆ ಇಳಿದಾಗ ಹೊಸ ಸೆಲ್ಲು ಹುಡುಕಲಾರಂಭಿಸಬಹುದು; ಮೂರಕ್ಕೆ ಇಳಿದ ಮೇಲೆ ಅದನ್ನು ನಂಬಿ ಹೊಲಕ್ಕೆ ಹೋಗಕೂಡದು. ಮಲ್ಟಿಮೀಟರ್ ಇರುವವರು ಇನ್ನೂ ಒಂದು ಪರೀಕ್ಷೆ ಮಾಡಬಹುದು. ಪೂರ್ತಿ ತುಂಬಿದ ಸೆಲ್ಲು 4.2 ವೋಲ್ಟ್ ತೋರಿಸುವುದಷ್ಟೆ. ಅದನ್ನು ಹೊರತೆಗೆದು ಒಂದು ಹಗಲು ಒಂದು ರಾತ್ರಿ ಇಟ್ಟು ಮತ್ತೆ ಅಳೆದಾಗ 4 ವೋಲ್ಟಿಗಿಂತ ಕೆಳಗಿಳಿದಿದ್ದರೆ ಅದು ಒಳಗೊಳಗೇ ಸೋರುತ್ತಿದೆಯೆಂದು ತಿಳಿಯಬೇಕು. 2.5 ವೋಲ್ಟಿಗಿಂತ ಕೆಳಕ್ಕೆ ಬಿದ್ದು ಬಹುಕಾಲವಿದ್ದ ಸೆಲ್ಲನ್ನು ಪುನಃ ಚಾರ್ಜಿಗೆ ಹಾಕುವ ಸಾಹಸ ಬೇಡ. ಒಳಗಿನ ತಾಮ್ರ ಕರಗಿ ಶಾರ್ಟ್ ಆಗುವ ಸಂಭವವುಂಟು.

ಚಾರ್ಜಾಗುವಾಗ ಕೈಸುಡುವಷ್ಟು ಬಿಸಿಯಾಗುವುದು, ಮೈಯುಬ್ಬುವುದು, ಸಿಹಿಗಲಸಿದ ಘಾಟು ವಾಸನೆ ಬರುವುದು, ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿದು ಲೋಹ ಕಾಣುವುದು, ಇವುಗಳಲ್ಲಿ ಒಂದು ಕಂಡರೂ ಗಂಟೆಗಳ ಲೆಕ್ಕ ನೋಡದೆ ಆ ದಿನವೇ ಸೆಲ್ಲನ್ನು ತೆಗೆದುಬಿಡಬೇಕು.

ಹೊಸತನ್ನು ಕೊಳ್ಳುವಲ್ಲಿ ಮೋಸ ಬಹಳ. 18650 ಅಳತೆಯ ಒಳ್ಳೆಯ ಸೆಲ್ಲಿನಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ 3500 ಎಂಎಎಚ್ (ಮಿಲಿಆಂಪಿಯರ್-ಗಂಟೆ) ಸುಮಾರಿನ ಸಾಮರ್ಥ್ಯವಿರುತ್ತದೆ. ಮೈಮೇಲೆ 6000, 9900 ಎಂದು ಅಚ್ಚು ಹಾಕಿದ್ದರೆ ಅದು ಶುದ್ಧ ಸುಳ್ಳು. ಉತ್ತಮ ಸೆಲ್ಲು ಸುಮಾರು 45ರಿಂದ 50 ಗ್ರಾಂ ತೂಗುತ್ತದೆ. ಕೈಗೆ ತೀರ ಹಗುರವೆನಿಸಿದ್ದನ್ನು ಅಂಗಡಿಯಲ್ಲಿಯೇ ಬಿಟ್ಟುಬನ್ನಿ. ಟಾರ್ಚಿನಲ್ಲಿ ಎರಡು ಸೆಲ್ಲುಗಳಿದ್ದರೆ ಎರಡನ್ನೂ ಒಟ್ಟಿಗೆ, ಒಂದೇ ಕಂಪನಿಯವನ್ನು ಹಾಕತಕ್ಕದ್ದು.

ಇನ್ನು ತೆಗೆದ ಹಳೆಯ ಸೆಲ್ಲನ್ನು ಏನು ಮಾಡಬೇಕೆಂಬ ಮಾತು. ಇದೇ ಬಗೆಯ ಲಿಥಿಯಂ ಬ್ಯಾಟರಿಗಳು ಹೊರದೇಶಗಳಲ್ಲಿ ಇ-ಸಿಗರೇಟುಗಳಲ್ಲಿಯೂ ಇರುತ್ತವೆ. ಭಾರತದಲ್ಲಿ ಆ ವಸ್ತು 2019ರಿಂದ ನಿಷಿದ್ಧ. ಒಮ್ಮೆ ಸೇದಿ ಎಸೆಯುವ ಇ-ಸಿಗರೇಟುಗಳೊಡನೆ ಮತ್ತೆ ನೂರಾರು ಸಲ ಚಾರ್ಜು ಮಾಡಬಹುದಾದಂಥ ಬ್ಯಾಟರಿಗಳೂ ಕಸಕ್ಕೆ ಸೇರುತ್ತಿದ್ದುದು, ಕಸದ ಲಾರಿಗಳಲ್ಲಿ ಬೆಂಕಿ ಹತ್ತುತ್ತಿದ್ದುದು ದೊಡ್ಡ ಪಿಡುಗಾಗಿ, ಬ್ರಿಟನ್ನಿನಲ್ಲಿ 2025ರ ಜೂನ್ 1ರಿಂದ ಅವುಗಳ ಮಾರಾಟವನ್ನೇ ನಿಲ್ಲಿಸಿದರು. ನಮ್ಮಲ್ಲಿಯೂ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದ್ದರಿಂದ ತೆಗೆದ ಸೆಲ್ಲನ್ನು ತಿಪ್ಪೆಗೆ ಎಸೆಯದೆ, ಒಡೆದು ನೋಡುವ ಗುಜರಿಯವನಿಗೂ ಕೊಡದೆ, ಅದರ ಎರಡು ತುದಿಗಳಿಗೂ ಇನ್ಸುಲೇಷನ್ ಟೇಪ್ ಸುತ್ತಿ, ಮಕ್ಕಳ ಕೈಗೆ ಎಟುಕದ ಒಣ ಜಾಗದಲ್ಲಿಟ್ಟು, ಮುಂದಿನ ಸಲ ಪೇಟೆಗೆ ಹೋದಾಗ ಇ-ತ್ಯಾಜ್ಯ ಪಡೆಯುವ ಕೇಂದ್ರಕ್ಕೋ ಬ್ಯಾಟರಿ ಮಾರಿದ ಅಂಗಡಿಗೋ ಒಪ್ಪಿಸಿಬನ್ನಿ.